ಯಾವ ಚುಚ್ಚು, ಯಾರಿಗೆ? ಅಲರ್ಜಿ ಪತ್ತೆಯ ಚರ್ಮ ಪರೀಕ್ಷೆಗಳನ್ನು ತೂಗಿ ನೋಡುವ ಬಗೆ

ಮೊದಲ ಸಲ ಅಲರ್ಜಿ ಪರೀಕ್ಷೆಗೆ ಕೈಯೊಡ್ಡಿದಾಗ ನನ್ನ ಎರಡೂ ಮುಂಗೈಗಳ ಮೇಲೆ ಒಟ್ಟು 24 ಹನಿಗಳನ್ನಿಟ್ಟು ಒಂದೊಂದರ ಮೇಲೂ ಚುಚ್ಚಿದರು. 20 ನಿಮಿಷ ಕಾದೆ. ಒಂದೂ ಉಬ್ಬಲಿಲ್ಲ. ‘ಯಾವ ಅಲರ್ಜಿಯೂ ಇಲ್ಲ’ ಎಂಬ ವರದಿಯನ್ನು ಹಿಡಿದುಕೊಂಡು ಸೀನುತ್ತಲೇ ಮನೆಗೆ ಬಂದೆ. ಹಲವು ತಿಂಗಳ ನಂತರ ಬೇರೊಬ್ಬ ವೈದ್ಯರು ಆ ವರದಿಯನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಹಿಸ್ಟಮಿನ್ ಚುಚ್ಚಿದ ಜಾಗವಾದರೂ ಉಬ್ಬಿತ್ತೇ?’ ಹಿಸ್ಟಮಿನ್ ಎಂದರೆ ಯಾರ ಚರ್ಮವನ್ನಾದರೂ ಉಬ್ಬಿಸಬೇಕಾದ ವಸ್ತು. ಅದೂ ಉಬ್ಬಿರಲಿಲ್ಲ. ಹಿಂದಿನ ರಾತ್ರಿ ನಾನು ನೆಗಡಿಯ ಮಾತ್ರೆ ನುಂಗಿದ್ದೆ, ಅದರಲ್ಲಿ ಹಿಸ್ಟಮಿನ್ನಿನ ಕೆಲಸ ತಡೆಯುವ ಆಂಟಿಹಿಸ್ಟಮಿನ್ ಇತ್ತು. ಯಾರೂ ಕೇಳಿರಲಿಲ್ಲ, ಹೇಳಬೇಕೆಂದು ನನಗೂ ತಿಳಿದಿರಲಿಲ್ಲ. ಆ ದಿನ ನನ್ನ ಚರ್ಮಕ್ಕೆ ಉತ್ತರ ಕೊಡುವ ಶಕ್ತಿಯೇ ಇರಲಿಲ್ಲ. ಉತ್ತರ ಬಾರದಿದ್ದುದನ್ನೇ ‘ಇಲ್ಲ’ ಎಂದು ಬರೆದುಕೊಟ್ಟಿದ್ದರು.

ಅಂದಿನಿಂದ ಈ ಪರೀಕ್ಷೆಗಳ ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತ, ಮಾಡುವವರನ್ನು ಕೇಳುತ್ತ ಬಂದಿದ್ದೇನೆ. ಹನಿಯಿಟ್ಟು ಚುಚ್ಚುವ ಪ್ರಿಕ್ ಟೆಸ್ಟ್ ಮಾಡಿಸಲೇ, ಚರ್ಮದೊಳಗೆ ಚುಚ್ಚುಮದ್ದಿನಂತೆ ಕೊಡುವುದನ್ನು ಮಾಡಿಸಲೇ, ರಕ್ತ ಪರೀಕ್ಷೆಯೇ ಸಾಕೇ, ಪ್ಯಾಚ್ ಎಂದರೇನು, ಒಂದೇ ಒತ್ತಿಗೆ ಎಂಟು ಮೊನೆ ಚುಚ್ಚುವ ಸಾಧನ ಒಳ್ಳೆಯದೇ ಎಂದು ಗೊಂದಲಕ್ಕೆ ಬಿದ್ದವರಿಗಾಗಿ ಈ ಬರಹ. ಯಾವುದು ಶ್ರೇಷ್ಠ ಎಂದು ಕೇಳಿದರೆ ಉತ್ತರವಿಲ್ಲ. ಯಾವ ಪ್ರಶ್ನೆಗೆ ಯಾವುದು ಎಂದು ಕೇಳಿದರೆ ಉತ್ತರ ಬಹಳ ಸ್ಪಷ್ಟವಾಗಿದೆ.

ತೂಗುವ ಮುನ್ನ ತಕ್ಕಡಿ ಸರಿಪಡಿಸಿಕೊಳ್ಳೋಣ

ಮೊದಲ ಅಳತೆಗೋಲು ನಿಮ್ಮ ತೊಂದರೆಯ ಗಡಿಯಾರ. ಕಾರಣವಾದ ವಸ್ತು ತಾಗಿದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಗಳಲ್ಲಿ ಸೀನು, ಗಂಧೆ, ತುಟಿಯ ಊತ, ಉಬ್ಬಸ ಬರುತ್ತಿದ್ದರೆ ಅದು ತಕ್ಷಣದ ಬಗೆಯ ಅಲರ್ಜಿ. ಇದರ ಹಿಂದೆ ಐಜಿಇ ಎಂಬ ಪ್ರತಿಕಾಯವಿರುತ್ತದೆ. ಚರ್ಮದ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡ ಐಜಿಇಗೆ ಅದರ ಗುರಿವಸ್ತು ಸಿಕ್ಕೊಡನೆ ಕೋಶ ಹಿಸ್ಟಮಿನ್ ಸುರಿಸುತ್ತದೆ. ಆ ಜಾಗ ಸೊಳ್ಳೆ ಕಚ್ಚಿದಂತೆ ಉಬ್ಬಿ ಸುತ್ತ ಕೆಂಪಾಗುತ್ತದೆ. ಚುಚ್ಚು ಪರೀಕ್ಷೆಗಳೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಒಂದೆರಡು ದಿನ ಕಳೆದ ಮೇಲೆ ಒಡವೆಯ ಕೆಳಗೆ, ಕೈಗವಸಿನ ಒಳಗೆ, ಕೂದಲಿಗೆ ಬಣ್ಣ ಹಚ್ಚಿದ ಕಡೆ ತುರಿಕೆ ಎದ್ದು ಚರ್ಮ ಒಡೆಯುತ್ತಿದ್ದರೆ ಅದು ಬೇರೆಯೇ ದಾರಿ. ಅಲ್ಲಿ ಐಜಿಇಯ ಪಾತ್ರವಿಲ್ಲ, ಚುಚ್ಚಿ ನೋಡಿ ಪ್ರಯೋಜನವೂ ಇಲ್ಲ.

ಎರಡನೆಯದು ಪರೀಕ್ಷೆ ತಪ್ಪುವ ದಿಕ್ಕು. ಕೆಲವು ವಿಧಾನಗಳು ಇರುವ ಅಲರ್ಜಿಯನ್ನು ಬಿಟ್ಟುಬಿಡುತ್ತವೆ, ಕೆಲವು ಇಲ್ಲದ್ದನ್ನು ಇದೆ ಎನ್ನುತ್ತವೆ. ಎರಡೂ ದುಬಾರಿ, ಆದರೆ ಬೇರೆ ಬೇರೆ ರೀತಿಯಲ್ಲಿ. ಜೇನುನೊಣ ಕಚ್ಚಿ ಎಚ್ಚರ ತಪ್ಪಿದವನಿಗೆ ‘ಇಲ್ಲ’ ಎಂಬ ತಪ್ಪು ಉತ್ತರ ಪ್ರಾಣಾಪಾಯ. ಬೆಳೆಯುವ ಮಗುವಿಗೆ ‘ಹಾಲು, ಮೊಟ್ಟೆ, ಗೋಧಿ ಎಲ್ಲವೂ ಆಗದು’ ಎಂಬ ತಪ್ಪು ಉತ್ತರ ವರ್ಷಗಟ್ಟಲೆಯ ಅಪೌಷ್ಟಿಕತೆ.

ಉಳಿದವು ನೇರವಾದವು: ಅಪಾಯ ಎಷ್ಟು, ನೋವು ಎಷ್ಟು, ನುಂಗುತ್ತಿರುವ ಔಷಧ ನಿಲ್ಲಿಸಲು ಸಾಧ್ಯವೇ, ಚುಚ್ಚಲು ಆರೋಗ್ಯವಂತ ಚರ್ಮ ಇದೆಯೇ, ಖರ್ಚು ಹೇಗೆ ಏರುತ್ತದೆ. ಇವುಗಳ ಜೊತೆಗೆ ನಾನು ಒತ್ತಿ ಹೇಳುವ ಇನ್ನೊಂದು ಅಳತೆಗೋಲಿದೆ. ಇದೇ ಪರೀಕ್ಷೆಯನ್ನು ನಾಳೆ ಇನ್ನೊಬ್ಬರು ಮಾಡಿದರೆ ಇದೇ ಉತ್ತರ ಬರುತ್ತದೆಯೇ? ಚುಚ್ಚು ಪರೀಕ್ಷೆಗಳು ಕೈಕೆಲಸ. ಚುಚ್ಚುವ ಕೈ ಬದಲಾದರೆ ಉಬ್ಬಿನ ಗಾತ್ರವೂ ಬದಲಾಗಬಹುದು.

ಗೀಚುವುದು: ಹಳೆಯ ಮನೆ, ಈಗ ಖಾಲಿ

ಚರ್ಮ ಪರೀಕ್ಷೆಯ ಕಥೆ ಆರಂಭವಾದದ್ದೇ ಗೀಚುವುದರಿಂದ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಪರಾಗದಿಂದ ಬರುವ ನೆಗಡಿಯಿಂದ ತಾನೇ ನರಳುತ್ತಿದ್ದವರು. ತಮ್ಮ ಚರ್ಮವನ್ನೇ ಗೀರಿ, ಅದಕ್ಕೆ ಹುಲ್ಲಿನ ಪರಾಗವನ್ನು ತಿಕ್ಕಿ, ಉಬ್ಬಿದ್ದನ್ನು ಗುರುತಿಸಿ, 1873ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಅಲರ್ಜಿ ಎಂಬ ಪದ ಆಗಿನ್ನೂ ಹುಟ್ಟಿರಲಿಲ್ಲ. ಅದನ್ನು ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಟ್ಟದ್ದು 1906ರಲ್ಲಿ. ಇಷ್ಟು ದೊಡ್ಡ ಇತಿಹಾಸವಿದ್ದರೂ ಗೀಚುವ ಪರೀಕ್ಷೆಯನ್ನು ಇಂದು ಯಾರಾದರೂ ಸೂಚಿಸಿದರೆ ಬೇಡವೆನ್ನಿ. ಗೀರಿನ ಆಳ ಪ್ರತಿಸಲವೂ ಬೇರೆ, ಒಳಹೋಗುವ ದ್ರಾವಣದ ಪ್ರಮಾಣ ಬೇರೆ, ಗೀರೇ ಚರ್ಮವನ್ನು ಕೆರಳಿಸಿ ಸುಮ್ಮನೆ ಕೆಂಪಾಗಿಸುತ್ತದೆ, ನೋವೂ ಹೆಚ್ಚು. ಇದಕ್ಕಿಂತ ಒಳ್ಳೆಯದು ಬಂದು ದಶಕಗಳಾಗಿವೆ.

ಒಂಟಿ ಮೊನೆಯ ಪ್ರಿಕ್ ಟೆಸ್ಟ್

ಥಾಮಸ್ ಲೂಯಿಸ್ ಮತ್ತು ರೊನಾಲ್ಡ್ ಗ್ರಾಂಟ್ 1924ರಲ್ಲಿ ವಿವರಿಸಿದ ಈ ಉಪಾಯ 1970ರ ದಶಕದಲ್ಲಿ ಜ್ಯಾಕ್ ಪೆಪಿಸ್ ಮಾಡಿದ ಮಾರ್ಪಾಡಿನ ನಂತರ ಜಗತ್ತಿನ ಎಲ್ಲೆಡೆ ಹರಡಿತು. ಮುಂಗೈಯ ಒಳಭಾಗದಲ್ಲೋ ಬೆನ್ನಿನ ಮೇಲೋ ಅಲರ್ಜಿಕಾರಕದ ಸಾರದ ಒಂದು ಹನಿ. ಅದರ ಮೂಲಕ ಚರ್ಮದ ಮೇಲ್ಪದರಕ್ಕೆ ಒಂದು ಪುಟ್ಟ ಚುಚ್ಚು. ಪೆಪಿಸ್ ವಿಧಾನದಲ್ಲಿ ಸೂಜಿಯನ್ನು ಓರೆಯಾಗಿ ಹಿಡಿದು ಚರ್ಮವನ್ನು ನವಿರಾಗಿ ಮೇಲೆತ್ತುತ್ತಾರೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಲೋಹದ ಲ್ಯಾನ್ಸೆಟ್. ಅದರ ಮೊನೆ ಸುಮಾರು 1 ಮಿಲಿಮೀಟರ್ ಮಾತ್ರ, ಆಮೇಲೆ ಅಗಲವಾದ ಹೆಗಲು. ನೇರವಾಗಿ ಒತ್ತಿದರೆ ಹೆಗಲು ತಡೆಯುವುದರಿಂದ ಮೊನೆ ಆಳಕ್ಕೆ ಇಳಿಯಲಾರದು. ರಕ್ತ ಬಂದರೆ ಚುಚ್ಚಿದ್ದು ಹೆಚ್ಚಾಯಿತೆಂದೇ ಅರ್ಥ. ಕವಲೊಡೆದ ಮೊನೆಯ ಸೂಜಿಯೂ ಚಾಲ್ತಿಯಲ್ಲಿದೆ; ಸಿಡುಬಿನ ಲಸಿಕೆ ಹಾಕಲೆಂದು ರೂಪುಗೊಂಡ ಸೂಜಿ ಅದು.

ಒಳಗೆ ಹೋಗುವ ಸಾರ ಎಷ್ಟು ಎಂದುಕೊಂಡಿರಿ? ಒಂದು ಮಿಲಿಲೀಟರಿನ ಲಕ್ಷಾಂತರ ಭಾಗಗಳಲ್ಲಿ ಒಂದಷ್ಟು. ಈ ವಿಧಾನದಲ್ಲಿ ಅಪಾಯ ಅಷ್ಟು ಕಡಿಮೆ ಇರಲು ಕಾರಣ ಇದೇ. ಮೈಗೆಲ್ಲ ಹಬ್ಬುವ ತೀವ್ರ ಪ್ರತಿಕ್ರಿಯೆ ತೀರಾ ಅಪರೂಪ, ಆದರೆ ಅಸಂಭವವಲ್ಲ. ಆದ್ದರಿಂದ ಅಂಥ ಪ್ರತಿಕ್ರಿಯೆಗೆ ಕೊಡುವ ಔಷಧವಾದ ಅಡ್ರಿನಲಿನ್ ಕೈಗೆಟುಕುವಂತಿರುವ, ಅದನ್ನು ಕೊಡಬಲ್ಲವರು ಇರುವ ಜಾಗದಲ್ಲಿ ಮಾತ್ರ ಮಾಡಿಸಬೇಕು.

ಫಲಿತಾಂಶ 15ರಿಂದ 20 ನಿಮಿಷಗಳಲ್ಲಿ ನಿಮ್ಮ ಕಣ್ಣೆದುರೇ ಏಳುತ್ತದೆ. ಉಪ್ಪುನೀರಿನ ಹನಿ ಚುಚ್ಚಿದ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಅಗಲದ ಉಬ್ಬು ಬಂದರೆ ಪಾಸಿಟಿವ್ ಎನ್ನುತ್ತಾರೆ. ಅಳೆಯುವುದು ಉಬ್ಬನ್ನು, ಸುತ್ತಲಿನ ಕೆಂಪನ್ನಲ್ಲ. ಉದ್ದನೆಯ ವ್ಯಾಸವನ್ನೂ ಅದಕ್ಕೆ ಅಡ್ಡಲಾದ ವ್ಯಾಸವನ್ನೂ ಅಳೆದು ಸರಾಸರಿ ತೆಗೆಯುವುದು ಕ್ರಮ. ಬರೀ ‘ಪ್ಲಸ್, ಎರಡು ಪ್ಲಸ್’ ಎಂದು ಬರೆದ ವರದಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆ ಪ್ಲಸ್‌ಗಳ ಅರ್ಥ ಊರಿಂದೂರಿಗೆ ಬೇರೆ, ಮಿಲಿಮೀಟರು ಎಲ್ಲೆಡೆಯೂ ಒಂದೇ.

ನನ್ನ ಅನುಭವದಲ್ಲಿ ಕೈತಪ್ಪಿ ಹೋದ ಎರಡು ಹನಿಗಳ ಮಾತಿಗೆ ಬರೋಣ. ಪ್ರತಿ ಪರೀಕ್ಷೆಯಲ್ಲೂ ಅಲರ್ಜಿಕಾರಕಗಳ ಜೊತೆಗೆ ಎರಡು ಸಾಕ್ಷಿಗಳಿರಬೇಕು. ಹಿಸ್ಟಮಿನ್ ದ್ರಾವಣ, ಸಾಮಾನ್ಯವಾಗಿ ಮಿಲಿಲೀಟರಿಗೆ 10 ಮಿಲಿಗ್ರಾಂ ಸಾಂದ್ರತೆಯದು, ಯಾರ ಚರ್ಮದಲ್ಲೂ ಉಬ್ಬಲೇಬೇಕು. ಉಬ್ಬದಿದ್ದರೆ ಉಳಿದ ನೆಗೆಟಿವ್‌ಗಳೆಲ್ಲ ಅರ್ಥಹೀನ. ಉಪ್ಪುನೀರಿನದು ಉಬ್ಬಬಾರದು. ಉಬ್ಬಿದರೆ ಉಗುರು ತಾಗಿದರೂ ಗಂಧೆ ಏಳುವ ಚರ್ಮ ನಿಮ್ಮದು. ಆಗ ಪಾಸಿಟಿವ್‌ಗಳನ್ನು ನಂಬುವಂತಿಲ್ಲ. ವರದಿ ಕೈಗೆ ಬಂದಾಗ ಪರಾಗ, ದೂಳುಹುಳ, ಬೆಕ್ಕು ಎಂಬ ಸಾಲುಗಳಿಗೆ ಹೋಗುವ ಮುನ್ನ ಈ ಎರಡು ಸಾಲುಗಳನ್ನು ಓದಿ.

ಇದರ ತೊಡಕು ಔಷಧಗಳದು. ಆಂಟಿಹಿಸ್ಟಮಿನ್‌ಗಳನ್ನು ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಕೆಮ್ಮಿನ ಸಿರಪ್, ನೆಗಡಿ ಮಾತ್ರೆ, ನಿದ್ದೆಯ ಮಾತ್ರೆ, ಪ್ರಯಾಣದ ವಾಂತಿ ತಡೆಯುವ ಮಾತ್ರೆ, ಇವುಗಳಲ್ಲೂ ಅದು ಅಡಗಿರಬಹುದು. ಕೆಲವು ಖಿನ್ನತೆಯ ಔಷಧಗಳಿಗೂ ಚರ್ಮವನ್ನು ಮಂಕಾಗಿಸುವ ಗುಣವಿದೆ. ಆದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳಿ. ಪರೀಕ್ಷೆಯ ಜಾಗಕ್ಕೆ ಹಚ್ಚುತ್ತಿದ್ದ ಸ್ಟೀರಾಯ್ಡ್ ಮುಲಾಮೂ ಉಬ್ಬನ್ನು ತಗ್ಗಿಸುತ್ತದೆ. ಐಜಿಇಯನ್ನೇ ಕಟ್ಟಿಹಾಕುವ ಓಮಾಲಿಜುಮಾಬ್ ಚುಚ್ಚುಮದ್ದು ಪಡೆದವರಲ್ಲಿ ಈ ಪ್ರಭಾವ ತಿಂಗಳುಗಟ್ಟಲೆ ಉಳಿಯುತ್ತದೆ. ಇವುಗಳ ಪಟ್ಟಿಯನ್ನು ಕೇಳದೆ ಚುಚ್ಚಲು ಮುಂದಾಗುವ ಕಡೆಯಿಂದ ಎದ್ದು ಬಂದರೂ ತಪ್ಪಿಲ್ಲ.

ಖರ್ಚಿನ ಲೆಕ್ಕದಲ್ಲಿ ಇದು ಹಗುರ. ಒಂದೊಂದು ಅಲರ್ಜಿಕಾರಕಕ್ಕೆ ತಗಲುವುದು ಒಂದು ಹನಿ ಮತ್ತು ಒಂದು ಲ್ಯಾನ್ಸೆಟ್. ಆ ‘ಒಂದು ಲ್ಯಾನ್ಸೆಟ್’ ಎಂಬುದು ಮಾತ್ರ ಒಪ್ಪಂದಕ್ಕೆ ಬಾರದ ವಿಷಯ. ಒಂದೇ ಲ್ಯಾನ್ಸೆಟ್ಟನ್ನು ಒರೆಸಿ ಒರೆಸಿ ಮುಂದಿನ ಹನಿಗೆ ಬಳಸಿದರೆ ಹಿಂದಿನ ಸಾರ ಮುಂದಿನದಕ್ಕೆ ಸೇರುತ್ತದೆ. ಅಲ್ಲಿ ಏಳುವ ಉಬ್ಬು ಯಾರದ್ದೆಂದು ಹೇಳುವವರಿಲ್ಲ.

ಹಲವು ಮೊನೆಗಳ ಸಾಧನ

ಪ್ಲಾಸ್ಟಿಕ್ ಕಾಲುಗಳ ತುದಿಯಲ್ಲಿ ಮೊನೆಗಳಿರುವ, ಒಂದೇ ಒತ್ತಿಗೆ ಎಂಟು ಅಥವಾ ಹತ್ತು ಸಾರಗಳನ್ನು ಚುಚ್ಚುವ ಸಾಧನಗಳಿವೆ. ಕಾಲುಗಳು ಸಾರದ ಬಾವಿಗಳಲ್ಲಿ ಮೊದಲೇ ಅದ್ದಿರುತ್ತವೆ. ಅತ್ತು ಕೊಸರಾಡುವ ಮಗುವಿಗೆ 24 ಸಲ ಚುಚ್ಚುವ ಬದಲು ಮೂರು ಒತ್ತಿನಲ್ಲಿ ಕೆಲಸ ಮುಗಿಯುತ್ತದೆ. ಹೆಚ್ಚು ಜನ ಬರುವ ಕಡೆ ಸಮಯ ಉಳಿಯುತ್ತದೆ. ಚುಚ್ಚುಗಳ ನಡುವಿನ ಅಂತರವೂ ಮೊದಲೇ ನಿಗದಿಯಾಗಿರುತ್ತದೆ. ಇದು ಸಣ್ಣ ಸಂಗತಿಯಲ್ಲ, ಏಕೆಂದರೆ 2 ಸೆಂಟಿಮೀಟರಿಗಿಂತ ಹತ್ತಿರ ಚುಚ್ಚಿದರೆ ಒಂದರ ಉಬ್ಬು ಇನ್ನೊಂದಕ್ಕೆ ಹಬ್ಬಬಹುದು.

ಆದರೆ ಅನುಕೂಲ ಪುಕ್ಕಟೆ ಬಂದಿಲ್ಲ. ಎಲ್ಲ ಕಾಲುಗಳ ಮೇಲೂ ಒತ್ತಡ ಸಮನಾಗಿ ಬೀಳಬೇಕು. ಮುಂಗೈ ದುಂಡಗಿರುತ್ತದೆ, ಸಾಧನ ಚಪ್ಪಟೆ. ಅಂಚಿನ ಮೊನೆಗಳು ನಡುವಿನವುಗಳಷ್ಟೇ ಚುಚ್ಚಿದವೆಂಬ ಭರವಸೆ ಇಲ್ಲ. ಸಾಧನಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಹಲವು ಮೊನೆಯವು ಒಂಟಿ ಮೊನೆಯವಕ್ಕಿಂತ ಹೆಚ್ಚು ನೋಯಿಸಿದ್ದೂ ಉಂಟು. ಕೆಲವು ಸಾಧನಗಳು ಉಪ್ಪುನೀರಿಗೂ ಸಣ್ಣ ಉಬ್ಬು ಎಬ್ಬಿಸುತ್ತವೆ. ಹೀಗಾಗಿ 3 ಮಿಲಿಮೀಟರಿನ ಗಡಿಯನ್ನು ಕಣ್ಣು ಮುಚ್ಚಿ ಎಲ್ಲ ಸಾಧನಗಳಿಗೂ ಹೊಂದಿಸುವುದು ಸರಿಯಲ್ಲ.

ನನ್ನ ತೀರ್ಮಾನ ಹೀಗಿದೆ. ಅನುಮಾನಿಸಬೇಕಾದ ವಸ್ತುಗಳು ನಾಲ್ಕೈದೇ ಇದ್ದರೆ ಒಂಟಿ ಲ್ಯಾನ್ಸೆಟ್ಟೇ ಸರಿ. ಚಿಕ್ಕ ಮಗು, ಹತ್ತಾರು ಗಾಳಿಯ ಅಲರ್ಜಿಕಾರಕಗಳು, ಚುಚ್ಚಲು ಬೆನ್ನಿನ ಸಮತಟ್ಟಾದ ಜಾಗ, ಇವು ಮೂರೂ ಕೂಡಿಬಂದರೆ ಹಲವು ಮೊನೆಯ ಸಾಧನ ಒಪ್ಪತಕ್ಕದ್ದು. ಬೆನ್ನು ಮುಂಗೈಗಿಂತ ಚುರುಕಾಗಿ ಉಬ್ಬುತ್ತದೆ ಎಂಬುದನ್ನು ಮರೆಯದಿರಿ. ಕಳೆದ ವರ್ಷ ಬೆನ್ನಿನ ಮೇಲೆ ಮಾಡಿದ್ದನ್ನು ಈ ವರ್ಷ ಕೈಮೇಲೆ ಮಾಡಿ ‘ಅಲರ್ಜಿ ಇಳಿದಿದೆ’ ಎಂದು ಸಂತೋಷಪಡುವಂತಿಲ್ಲ.

ಸಾಧನ ಯಾವುದೇ ಇರಲಿ, ಕೈ ಪಳಗಿರಬೇಕು. ಕೈಯನ್ನು ಪರೀಕ್ಷಿಸಲು ಸರಳ ಉಪಾಯವಿದೆ: ಒಬ್ಬರ ಮೈಮೇಲೆ ಹಲವು ಕಡೆ ಬರೀ ಹಿಸ್ಟಮಿನ್ ಚುಚ್ಚಿ ಉಬ್ಬುಗಳನ್ನು ಅಳೆಯುವುದು. ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿದ್ದರೆ ಕೈ ನಂಬಬಹುದಾದದ್ದು. ‘ನಿಮ್ಮಲ್ಲಿ ಹೀಗೆ ತರಬೇತಿ ಕೊಡುತ್ತೀರಾ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸಾಧನದ ಹೆಸರು ಕೇಳುವುದಕ್ಕಿಂತ ಇದು ಹೆಚ್ಚು ಉಪಯೋಗದ ಪ್ರಶ್ನೆ.

ಹಣ್ಣನ್ನೇ ಚುಚ್ಚಿ ಚರ್ಮವನ್ನು ಚುಚ್ಚುವುದು

ಸೇಬು ಕಚ್ಚಿದರೆ ಬಾಯಿ ತುರಿಸುತ್ತದೆ, ಆದರೆ ಬಾಟಲಿಯ ಸೇಬಿನ ಸಾರದಿಂದ ಚುಚ್ಚಿದರೆ ಏನೂ ಏಳುವುದಿಲ್ಲ. ಇದು ರೋಗಿಯ ಕಲ್ಪನೆಯಲ್ಲ. ಹಣ್ಣು ತರಕಾರಿಗಳ ಕೆಲವು ಪ್ರೋಟೀನುಗಳು ಬಹಳ ನಾಜೂಕು. ಸಾರ ತಯಾರಿಸಿ ಇಡುವಷ್ಟರಲ್ಲಿ ಮುರಿದುಹೋಗುತ್ತವೆ. ಇದಕ್ಕೆ ಪರಿಹಾರವಾಗಿ ತಾಜಾ ಹಣ್ಣಿಗೆ ಲ್ಯಾನ್ಸೆಟ್ ಚುಚ್ಚಿ, ಅದೇ ಮೊನೆಯಿಂದ ಚರ್ಮವನ್ನು ಚುಚ್ಚುತ್ತಾರೆ. ಇದನ್ನು ಪ್ರಿಕ್ ಟು ಪ್ರಿಕ್ ಎನ್ನುತ್ತಾರೆ.

ನನಗೆ ಈ ವಿಧಾನದ ಬಗ್ಗೆ ವಿಶೇಷ ಗೌರವವಿದೆ. ‘ನನಗೆ ಇದನ್ನು ತಿಂದರೇ ಆಗುತ್ತದೆ’ ಎಂದು ಹೇಳುವವರ ಮಾತನ್ನು ಅದೇ ವಸ್ತುವಿನಿಂದ ಪರೀಕ್ಷಿಸುವುದು ಚುಚ್ಚು ಪರೀಕ್ಷೆಗಳಲ್ಲಿ ಇದೊಂದೇ. ಬಾಟಲಿಯ ಸಾರವೇ ಸಿಗದ ಅಪರೂಪದ ಆಹಾರಕ್ಕೂ ಇದು ಒದಗುತ್ತದೆ. ಹಸಿ ಹಾಲು, ಬೇಯಿಸಿದ ಹಾಲು, ಹಸಿ ಮೊಟ್ಟೆ, ಬೇಯಿಸಿದ ಮೊಟ್ಟೆ ಹೀಗೆ ಬೇರೆ ಬೇರೆಯಾಗಿ ನೋಡಲೂ ಬರುತ್ತದೆ. ಮಿತಿಗಳೂ ಅಷ್ಟೇ ನಿಜ. ಹಣ್ಣಿನ ತಳಿ ಮತ್ತು ಮಾಗಿದ ಹಂತಕ್ಕೆ ತಕ್ಕಂತೆ ಪ್ರೋಟೀನಿನ ಪ್ರಮಾಣ ಬದಲಾಗುವುದರಿಂದ ಒಳಗೆ ಹೋದದ್ದು ಎಷ್ಟೆಂಬ ಅಳತೆ ಇಲ್ಲ. ಮಸಾಲೆ ಪದಾರ್ಥಗಳಂಥವು ಅಲರ್ಜಿ ಇಲ್ಲದ ಚರ್ಮವನ್ನೂ ಕೆರಳಿಸಬಹುದು; ಅನುಮಾನವಿದ್ದಾಗ ಅಲರ್ಜಿ ಇಲ್ಲದ ಒಬ್ಬರ ಕೈಮೇಲೂ ಚುಚ್ಚಿ ಹೋಲಿಸುವುದು ವಾಡಿಕೆ. ತಿಂದಾಗ ಉಸಿರುಗಟ್ಟಿದ ಆಹಾರವನ್ನು ಮನೆಯಲ್ಲಿ ಸೂಜಿಯಿಂದ ಪ್ರಯತ್ನಿಸುವ ಯೋಚನೆ ಖಂಡಿತ ಬೇಡ.

ಚರ್ಮದೊಳಗೆ ಚುಚ್ಚುಮದ್ದು

ಇಲ್ಲಿ ಸಾರವನ್ನು ಸಣ್ಣ ಸಿರಿಂಜಿನಿಂದ ಚರ್ಮದ ಪದರದೊಳಗೇ ತುಂಬಿ, 0.02ರಿಂದ 0.05 ಮಿಲಿಲೀಟರಿನಷ್ಟು, ಒಂದು ಪುಟ್ಟ ಬೊಕ್ಕೆ ಎಬ್ಬಿಸುತ್ತಾರೆ. ಪ್ರಿಕ್ ಟೆಸ್ಟಿನಲ್ಲಿ ಒಳಹೋಗುವುದಕ್ಕೆ ಹೋಲಿಸಿದರೆ ಇದು ಸಾವಿರಾರು ಪಟ್ಟು ಹೆಚ್ಚಿನ ದ್ರವ. ಹಾಗಾಗಿ ಸಾರವನ್ನು ನೂರರಿಂದ ಸಾವಿರ ಪಟ್ಟು ತೆಳುವಾಗಿಸಿಯೇ ಬಳಸಬೇಕು. ಸೂಕ್ಷ್ಮತೆಯಲ್ಲಿ ಪ್ರಿಕ್ಕಿಗಿಂತ ಮೇಲು. ‘ಹೆಚ್ಚು ಸೂಕ್ಷ್ಮ’ ಎಂಬ ಆ ಮಾತೇ ಜನರನ್ನು ಇದರತ್ತ ಎಳೆಯುತ್ತದೆ. ನಾನು ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಹೆಚ್ಚು ಸೂಕ್ಷ್ಮವಾದದ್ದು ಹೆಚ್ಚು ಸತ್ಯವಾದದ್ದಲ್ಲ. ಪ್ರಿಕ್ ಟೆಸ್ಟಿನಲ್ಲಿ ನೆಗೆಟಿವ್ ಬಂದು ಇದರಲ್ಲಿ ಮಾತ್ರ ಪಾಸಿಟಿವ್ ಬಂದವರನ್ನು ಹುಲ್ಲಿನ ಪರಾಗಕ್ಕೆ ನಿಜವಾಗಿ ಒಡ್ಡಿ ನೋಡಿದಾಗ, ಅವರು ಎಲ್ಲ ಪರೀಕ್ಷೆಯಲ್ಲೂ ನೆಗೆಟಿವ್ ಬಂದವರಂತೆಯೇ ಇದ್ದರು. ಅಂದರೆ ಆ ಹೆಚ್ಚುವರಿ ಉಬ್ಬುಗಳಿಗೆ ಬದುಕಿನಲ್ಲಿ ಅರ್ಥವಿರಲಿಲ್ಲ. ಮೂಗು ಸೋರುವ ತೊಂದರೆಗೆ ಹತ್ತಾರು ಚುಚ್ಚುಮದ್ದಿನ ಪರೀಕ್ಷೆಗಳನ್ನು ಒಟ್ಟಿಗೆ ಸೂಚಿಸಿದರೆ ಕಾರಣ ಕೇಳಿ. ಮೊದಲು ಪ್ರಿಕ್, ಅದು ನೆಗೆಟಿವ್ ಬಂದೂ ಅನುಮಾನ ಬಲವಾಗಿದ್ದರೆ ಮಾತ್ರ ಆಯ್ದ ಒಂದೆರಡಕ್ಕೆ ಇದು, ಅನುಕ್ರಮ ಹೀಗಿರಬೇಕು. ಆಹಾರದ ಅಲರ್ಜಿಗೆ ಇದನ್ನು ಮಾಡಲೇಬಾರದು. ತೀವ್ರ ಪ್ರತಿಕ್ರಿಯೆಯ ಅಪಾಯ ದೊಡ್ಡದು, ಸಿಗುವ ತಿಳಿವಳಿಕೆ ಚಿಕ್ಕದು.

ಹಾಗಾದರೆ ಇದಕ್ಕೆ ಜಾಗವೆಲ್ಲಿ? ಎರಡು ಕಡೆ ಇದು ಅನಿವಾರ್ಯ. ಒಂದು, ಜೇನುನೊಣ ಮತ್ತು ಕಣಜದ ವಿಷ. ಅಲ್ಲಿ ಮಿಲಿಲೀಟರಿಗೆ 0.001 ಮೈಕ್ರೊಗ್ರಾಂನಂಥ ಅತ್ಯಲ್ಪ ಸಾಂದ್ರತೆಯಿಂದ ಆರಂಭಿಸಿ 1 ಮೈಕ್ರೊಗ್ರಾಂವರೆಗೆ ಮೆಟ್ಟಿಲು ಹತ್ತುತ್ತಾರೆ. ಕಚ್ಚಿಸಿಕೊಂಡ ತಕ್ಷಣ ಪರೀಕ್ಷೆಗೆ ಓಡಿದರೆ ಚರ್ಮ ದಣಿದಿರುತ್ತದೆ. ತೀವ್ರ ಪ್ರತಿಕ್ರಿಯೆಯ ಬಳಿಕ 4ರಿಂದ 6 ವಾರ ಬಿಡುವುದು ರೂಢಿ. ಎರಡು, ಪೆನಿಸಿಲಿನ್‌ನಂಥ ಔಷಧಗಳು. ‘ಚಿಕ್ಕಂದಿನಲ್ಲಿ ಪೆನಿಸಿಲಿನ್ ಆಗುತ್ತಿರಲಿಲ್ಲ’ ಎಂಬ ಹಣೆಪಟ್ಟಿ ಹೊತ್ತ ಬಹುಪಾಲು ಜನರಿಗೆ ಪರೀಕ್ಷಿಸಿದಾಗ ಆ ಅಲರ್ಜಿ ಇರುವುದಿಲ್ಲ. ಪ್ರಿಕ್, ಆಮೇಲೆ ಚರ್ಮದೊಳಗಿನ ಚುಚ್ಚು, ಆಮೇಲೆ ನಿಗಾದಲ್ಲಿ ಔಷಧದ ಒಂದು ಡೋಸ್, ಈ ದಾರಿ ಆ ಹಣೆಪಟ್ಟಿಯನ್ನು ಕಳಚಬಲ್ಲದು. ಮುಂದೆಂದೋ ಬರುವ ದೊಡ್ಡ ಸೋಂಕಿನಲ್ಲಿ ಅದು ಜೀವ ಉಳಿಸುವ ಕೆಲಸ.

ಚುಚ್ಚದೆ ನೋಡುವುದು: ರಕ್ತ ಪರೀಕ್ಷೆ

ಐಜಿಇ ಎಂಬುದನ್ನು 1960ರ ದಶಕದಲ್ಲಿ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನ ಸಂಶೋಧಕರು ಕಂಡುಕೊಂಡ ಮೇಲೆ ಅದನ್ನು ರಕ್ತದಲ್ಲೇ ಅಳೆಯುವ ಹಾದಿ ತೆರೆಯಿತು. ಒಂದು ಸೂಜಿ, ಒಂದು ಟ್ಯೂಬ್ ರಕ್ತ. ಆಂಟಿಹಿಸ್ಟಮಿನ್ ನಿಲ್ಲಿಸಬೇಕಿಲ್ಲ. ಮೈತುಂಬ ಇಸುಬು ಇರುವವರಿಗೆ, ಉಗುರು ತಾಗಿದರೆ ಗಂಧೆ ಏಳುವವರಿಗೆ, ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ, ಹತೋಟಿಗೆ ಬಾರದ ಉಬ್ಬಸವಿರುವವರಿಗೆ, ಗರ್ಭಿಣಿಯರಿಗೆ ನಾನು ಹಿಂದೆಮುಂದೆ ನೋಡದೆ ಸೂಚಿಸುವುದು ಇದನ್ನೇ. ಬೀಟಾ ಬ್ಲಾಕರ್ ಮಾತು ಏಕೆಂದರೆ, ತೀವ್ರ ಪ್ರತಿಕ್ರಿಯೆ ಬಂದಾಗ ಅಡ್ರಿನಲಿನ್ ಕೆಲಸ ಮಾಡಲು ಅದು ಅಡ್ಡಿಯಾಗುತ್ತದೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದು ಕಾಯುವಿಕೆ ಮತ್ತು ಖರ್ಚು. ಉತ್ತರಕ್ಕೆ ದಿನಗಳು ಬೇಕು. ಪ್ರತಿಯೊಂದು ಅಲರ್ಜಿಕಾರಕಕ್ಕೂ ಬೇರೆ ಶುಲ್ಕ ಬೀಳುವುದರಿಂದ ಪಟ್ಟಿ ಉದ್ದವಾದಷ್ಟೂ ಜೇಬು ಹಗುರ. ಸೂಕ್ಷ್ಮತೆ ಸಾಮಾನ್ಯವಾಗಿ ಪ್ರಿಕ್ಕಿಗಿಂತ ಸ್ವಲ್ಪ ಕಡಿಮೆ. ವರದಿಯಲ್ಲಿ 0.35 ಎಂಬ ಗಡಿಯನ್ನು ನೋಡುತ್ತೀರಿ. ಅದರ ಮೇಲಿದ್ದರೆ ಪಾಸಿಟಿವ್ ಎಂದು ಹಳೆಯ ಲೆಕ್ಕ. ಸಸ್ಯಗಳ ಪ್ರೋಟೀನಿಗೆ ಅಂಟಿದ ಸಕ್ಕರೆಯ ಸರಪಳಿಗಳಿಗೆ ಕೆಲವರಲ್ಲಿ ಐಜಿಇ ಇರುತ್ತದೆ. ಅದು ರಕ್ತದ ವರದಿಯಲ್ಲಿ ಸಾಲುಸಾಲಾಗಿ ಪಾಸಿಟಿವ್ ತೋರಿಸಿ ಗಾಬರಿ ಹುಟ್ಟಿಸುತ್ತದೆ, ತಿಂದರೆ ಏನೂ ಆಗುವುದಿಲ್ಲ.

ರಕ್ತ ಪರೀಕ್ಷೆ ಚರ್ಮಕ್ಕಿಂತ ನಿಜವಾಗಿ ಮುಂದಿರುವುದು ಒಂದು ಕಡೆ. ಒಂದೇ ಆಹಾರದೊಳಗಿನ ಬೇರೆ ಬೇರೆ ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ಅಳೆಯಬಹುದು. ಕಡಲೆಕಾಯಿಯ ಅರಾ ಎಚ್ 2 ಎಂಬ ಪ್ರೋಟೀನಿಗೆ ಐಜಿಇ ಇದ್ದರೆ ನಿಜವಾದ, ತೀವ್ರವಾಗಬಲ್ಲ ಅಲರ್ಜಿಯ ಸಾಧ್ಯತೆ ಹೆಚ್ಚು. ಬರ್ಚ್ ಮರದ ಪರಾಗವನ್ನು ಹೋಲುವ ಅರಾ ಎಚ್ 8ಕ್ಕೆ ಮಾತ್ರ ಇದ್ದರೆ ಬಹುತೇಕ ಬಾಯಿ ತುರಿಕೆಗೆ ನಿಲ್ಲುತ್ತದೆ. ಹಣವನ್ನು ಎಲ್ಲಾದರೂ ಸುರಿಯುವುದಿದ್ದರೆ ಉದ್ದ ಪಟ್ಟಿಗೆ ಸುರಿಯದೆ ಇಂಥ ಬಿಡಿ ಪ್ರೋಟೀನಿನ ಪರೀಕ್ಷೆಗೆ ಕೊಡಿ. ‘ಒಟ್ಟು ಐಜಿಇ’ ಒಂದನ್ನೇ ಮಾಡಿಸಿ ಅಲರ್ಜಿ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸುವುದು ಹಣದ ಪೋಲು.

ಪ್ಯಾಚ್: ಬೇರೆ ಪ್ರಶ್ನೆಯ ಉತ್ತರ

ಯೋಸೆಫ್ ಯಾಡಾಸೋನ್ 1895ರಲ್ಲಿ ಪರಿಚಯಿಸಿದ ಪ್ಯಾಚ್ ಪರೀಕ್ಷೆಯಲ್ಲಿ ಚುಚ್ಚುವುದೇ ಇಲ್ಲ. ನಿಕ್ಕಲ್, ಸುಗಂಧ ದ್ರವ್ಯ, ರಬ್ಬರಿನ ರಾಸಾಯನಿಕ ಮುಂತಾದವನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆಯುತ್ತಾರೆ. ಆಗೊಮ್ಮೆ, ಮತ್ತೆ 72 ಅಥವಾ 96 ಗಂಟೆಗೆ ಇನ್ನೊಮ್ಮೆ ನೋಡುತ್ತಾರೆ. ಆ ದಿನಗಳಲ್ಲಿ ಬೆನ್ನು ನೆನೆಯಬಾರದು. ತಡವಾಗಿ ಬರುವ ಚರ್ಮದ ಅಲರ್ಜಿಗೆ ಇದೊಂದೇ ಸರಿಯಾದ ದಾರಿ. ಸೀನಿಗೂ ಉಬ್ಬಸಕ್ಕೂ ಇದರಿಂದ ಉತ್ತರ ಸಿಗದು.

ಉಬ್ಬು ಹೇಳುವುದೇನು, ಹೇಳದಿರುವುದೇನು

ಆಯ್ಕೆ ಮಾಡುವ ಮುನ್ನ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಚರ್ಮದ ಉಬ್ಬಾಗಲಿ ರಕ್ತದ ಅಂಕಿಯಾಗಲಿ ಹೇಳುವುದು ಐಜಿಇ ಇದೆ ಎಂದಷ್ಟೇ. ಅದನ್ನು ತಿಂದಾಗ, ಉಸಿರಾಡಿದಾಗ ತೊಂದರೆ ಆಗುತ್ತದೆಂದು ಹೇಳುವುದಿಲ್ಲ. ಆಹಾರದ ವಿಷಯದಲ್ಲಿ ಪ್ರಿಕ್ ನೆಗೆಟಿವ್ ಬಂದರೆ ತಕ್ಷಣದ ಬಗೆಯ ಅಲರ್ಜಿ ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಪಾಸಿಟಿವ್ ಬಂದವರಲ್ಲಿ ಮಾತ್ರ ಸರಿಸುಮಾರು ಅರ್ಧದಷ್ಟು ಜನ ಅದನ್ನು ತಿಂದರೂ ಚೆನ್ನಾಗಿಯೇ ಇರುತ್ತಾರೆ. ಉಬ್ಬು ದೊಡ್ಡದಾದಷ್ಟೂ ಅಲರ್ಜಿ ಇರುವ ಸಾಧ್ಯತೆ ಏರುತ್ತದೆ, ಆದರೆ ಮುಂದಿನ ಪ್ರತಿಕ್ರಿಯೆ ಎಷ್ಟು ತೀವ್ರವೆಂದು ಅದು ಹೇಳುವುದಿಲ್ಲ. ಇಸುಬು ತೀವ್ರವಾಗಿರುವ ಅಥವಾ ಮೊಟ್ಟೆಯ ಅಲರ್ಜಿ ಇರುವ ಶಿಶುಗಳಿಗೆ ಕಡಲೆಕಾಯಿ ತಿನ್ನಿಸುವ ಕುರಿತ 2017ರ ಅಮೆರಿಕದ ಮಾರ್ಗಸೂಚಿಯನ್ನೇ ನೋಡಿ. 2 ಮಿಲಿಮೀಟರ್ ಒಳಗಿದ್ದರೆ ತಿನ್ನಿಸಿ, 3ರಿಂದ 7 ಇದ್ದರೆ ವೈದ್ಯರ ಎದುರು ತಿನ್ನಿಸಿ ನೋಡಿ, 8 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಅಲರ್ಜಿ ಇರುವ ಸಂಭವ ಬಹಳ, ತಜ್ಞರ ಬಳಿ ಹೋಗಿ ಎನ್ನುತ್ತದೆ. 3 ಮಿಲಿಮೀಟರ್ ಬಂದ ಕೂಡಲೇ ‘ಜೀವಮಾನವಿಡೀ ಬೇಡ’ ಎನ್ನುವುದಿಲ್ಲ. ಸಂದೇಹ ಉಳಿದಾಗ ಕೊನೆಯ ಮಾತು ಆಸ್ಪತ್ರೆಯ ನಿಗಾದಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡುವ ಪರೀಕ್ಷೆಯದು.

ಇದೇ ಕಾರಣಕ್ಕೆ ಅಗ್ಗದ ಕೊಡುಗೆಯೆಂದು ನೂರಾರು ಆಹಾರಗಳನ್ನು ಒಟ್ಟಿಗೆ ಪರೀಕ್ಷಿಸುವುದು ಬೇಡವೆನ್ನುತ್ತೇನೆ. ನಿಶ್ಚಿಂತೆಯಿಂದ ತಿನ್ನುತ್ತಿದ್ದ ಆಹಾರಕ್ಕೆ ಪಾಸಿಟಿವ್ ಬಂತೆಂದು ತಟ್ಟೆಯಿಂದ ತೆಗೆದ ಕುಟುಂಬಗಳ ನೋವು ನಾನು ಕಂಡಿದ್ದೇನೆ. ಅದರಲ್ಲೂ ಐಜಿಜಿ ಎಂಬ ಬೇರೊಂದು ಪ್ರತಿಕಾಯವನ್ನು ಅಳೆದು ‘ಆಹಾರ ಒಗ್ಗದಿರುವಿಕೆ’ ಹೇಳುವ ಪರೀಕ್ಷೆಗಳು, ಕೂದಲು ನೋಡಿ ಅಲರ್ಜಿ ಹೇಳುವವು, ಇವುಗಳಿಗೆ ವೈಜ್ಞಾನಿಕ ಆಧಾರವಿಲ್ಲ. ಐಜಿಜಿ ಇದೆಯೆಂದರೆ ಆ ಆಹಾರವನ್ನು ತಿಂದಿದ್ದೀರಿ ಎಂದರ್ಥ, ಅಷ್ಟೇ.

ನಿಮ್ಮ ಪರಿಸ್ಥಿತಿ ಯಾವುದು?

ವರ್ಷವಿಡೀ ಸೀನು, ಮೂಗು ಕಟ್ಟುವುದು, ಜೊತೆಗೆ ಮುಂದೆ ಅಲರ್ಜಿ ಚುಚ್ಚುಮದ್ದಿನ ಚಿಕಿತ್ಸೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಒಂಟಿ ಲ್ಯಾನ್ಸೆಟ್ಟಿನ ಪ್ರಿಕ್; ನೀವಿರುವ ಪ್ರದೇಶದ ಪರಾಗ, ದೂಳುಹುಳ, ಬೂಷ್ಟು, ಸಾಕುಪ್ರಾಣಿ ಸೇರಿದ ಚಿಕ್ಕ ಪಟ್ಟಿ ಸಾಕು. ಕೈಯಲ್ಲಿ ಹಣ ಕಡಿಮೆ ಇದ್ದರಂತೂ ಇದೇ ದಾರಿ. ಪಟ್ಟಿಯನ್ನು ಮೊಟಕುಗೊಳಿಸಿ, ಪರೀಕ್ಷಿಸುವವರ ಕೌಶಲದಲ್ಲಿ ರಾಜಿಯಾಗಬೇಡಿ.

ಹಸುಗೂಸಿಗೂ ಪ್ರಿಕ್ ಮಾಡಬಹುದು, ವಯಸ್ಸು ಅಡ್ಡಿಯಲ್ಲ. ಎಳೆಯ ಚರ್ಮದಲ್ಲಿ ಉಬ್ಬು ಚಿಕ್ಕದಾಗಿ ಏಳುತ್ತದೆ ಎಂಬುದನ್ನು ಓದುವವರು ತಿಳಿದಿರಬೇಕು. ಇಳಿವಯಸ್ಸಿನವರಲ್ಲೂ ಹಾಗೆಯೇ. ನಿರ್ದಿಷ್ಟ ಹಣ್ಣು ತರಕಾರಿಯ ಮೇಲೆ ಅನುಮಾನವಿದ್ದರೆ ಪ್ರಿಕ್ ಟು ಪ್ರಿಕ್. ಆ ಹಣ್ಣನ್ನು ನೀವೇ ಕಟ್ಟಿಕೊಂಡು ಹೋಗಬೇಕಾಗಬಹುದು, ಮೊದಲೇ ಫೋನ್ ಮಾಡಿ ಕೇಳಿ. ಕಡಲೆಕಾಯಿಯಂಥದಕ್ಕೆ ಪ್ರಿಕ್ ಪಾಸಿಟಿವ್ ಬಂದು ಎಷ್ಟು ಭಯಪಡಬೇಕೆಂದು ತಿಳಿಯದಾಗ ಬಿಡಿ ಪ್ರೋಟೀನಿನ ರಕ್ತ ಪರೀಕ್ಷೆ. ಔಷಧ ನಿಲ್ಲಿಸಲಾಗದವರಿಗೆ, ಚುಚ್ಚಲು ಒಳ್ಳೆಯ ಚರ್ಮವೇ ಉಳಿದಿಲ್ಲದವರಿಗೆ ನೇರವಾಗಿ ರಕ್ತ. ಜೇನುನೊಣ, ಕಣಜ, ಪೆನಿಸಿಲಿನ್ ಎಂದರೆ ಪ್ರಿಕ್‌ನಿಂದ ಆರಂಭಿಸಿ ಚರ್ಮದೊಳಗಿನ ಚುಚ್ಚಿನವರೆಗೆ, ಅದೂ ಸುಸಜ್ಜಿತ ಆಸ್ಪತ್ರೆಯಲ್ಲಿ.

ಪರೀಕ್ಷೆಗೆ ಹೋಗುವ ದಿನ ಕಳೆದ ಎರಡು ವಾರಗಳಲ್ಲಿ ನುಂಗಿದ, ಹಚ್ಚಿದ, ಮೂಗಿಗೆ ಸಿಂಪಡಿಸಿದ ಪ್ರತಿಯೊಂದು ಔಷಧದ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವಾಗ, ಎಲ್ಲಿ, ಏನು ತಾಗಿದ ಎಷ್ಟು ಹೊತ್ತಿಗೆ ತೊಂದರೆ ಬಂತೆಂಬುದನ್ನು ಇನ್ನೊಂದರಲ್ಲಿ ಬರೆಯಿರಿ. ಯಾವ ಹನಿಗಳನ್ನು ಇಡಬೇಕೆಂದು ನಿರ್ಧರಿಸುವುದು ಆ ಎರಡನೆಯ ಚೀಟಿ. 15 ನಿಮಿಷ ಕಳೆದ ಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ಟು ನಿಮ್ಮ ಕೈಯ ಫೋಟೊ ತೆಗೆದುಕೊಳ್ಳಿ. ಉಬ್ಬುಗಳ ಸುತ್ತ ಪೆನ್ನಿನಿಂದ ಗೆರೆ ಎಳೆದು ಪಾರದರ್ಶಕ ಟೇಪಿನಿಂದ ಕಾಗದಕ್ಕೆ ಇಳಿಸಿಕೊಡುವವರಿದ್ದರೆ ಇನ್ನೂ ಒಳ್ಳೆಯದು. ಮುಂದೆ ನೀವು ಹೋಗುವ ವೈದ್ಯರು ಆ ಕಾಗದದಲ್ಲಿ ಮೊದಲು ಹುಡುಕುವುದು ಹಿಸ್ಟಮಿನ್‌ನ ಗೆರೆಯನ್ನು.